ಹುಬ್ಬಳ್ಳಿ-ಧಾರವಾಡದ 24×7 ನೀರು: ಎಂಟು ವಾರ್ಡ್‌ಗಳ ಪ್ರಕರಣ ಅಧ್ಯಯನ

ಹುಬ್ಬಳ್ಳಿ-ಧಾರವಾಡಕ್ಕೆ ಕುಡಿಯುವ ನೀರು ಬರುವುದು ಎರಡು ಕಡೆಯಿಂದ. ಒಂದು, ಸವದತ್ತಿ ಬಳಿಯ ನವಿಲುತೀರ್ಥದಲ್ಲಿ ಮಲಪ್ರಭೆಗೆ ಕಟ್ಟಿದ ರೇಣುಕಾಸಾಗರ. ಅಲ್ಲಿಂದ ಎತ್ತಿದ ನೀರು ಅಮ್ಮಿನಭಾವಿಯಲ್ಲಿ ಶುದ್ಧವಾಗಿ ಊರಿಗೆ ಬರುತ್ತದೆ. ಇನ್ನೊಂದು, ಕಲಘಟಗಿ ತಾಲ್ಲೂಕಿನ ನೀರಸಾಗರ. ಅದರ ನೀರು ಕಣವಿಹೊನ್ನಾಪುರದ ಘಟಕದ ಮೂಲಕ ಹುಬ್ಬಳ್ಳಿ ಸೇರುತ್ತದೆ. ನೀರಸಾಗರ ಮಳೆ ನಂಬಿದ ಕೆರೆ, ಬರದ ವರ್ಷಗಳಲ್ಲಿ ಕೈಕೊಡುತ್ತದೆ. ಆಗ ಭಾರವೆಲ್ಲ ಮಲಪ್ರಭೆಯ ಮೇಲೆ. 2011ರ ಜನಗಣತಿಯ ಪ್ರಕಾರ ಅವಳಿ ನಗರದ ಜನಸಂಖ್ಯೆ 9.43 ಲಕ್ಷ. ಇಷ್ಟು ಜನಕ್ಕೆ ನೀರು ಹಂಚುತ್ತಿದ್ದದ್ದು ಪಾಳಿಯ ಮೇಲೆ: ವಾಲ್ವ್‌ಮನ್ ಬಂದು ಕೀಲಿ ತಿರುಗಿಸಿದರೆ ಆ ಓಣಿಗೆ ಕೆಲವು ತಾಸು ನೀರು, ಆಮೇಲೆ ಮತ್ತೆ ಹಲವು ದಿನ ಒಣ ನಳ.

ಈ ಪಾಳಿ ತಪ್ಪಿಸಬಹುದೇ ಎಂದು ನೋಡಲು ವಿಶ್ವಬ್ಯಾಂಕ್ ಸಾಲದ ಯೋಜನೆಯೊಂದು 2004ರಲ್ಲಿ ಮಂಜೂರಾಯಿತು. ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿ ಈ ಮೂರು ಪಾಲಿಕೆಗಳ ಆಯ್ದ ಭಾಗಗಳಲ್ಲಿ ಮಾತ್ರ ದಿನದ 24 ತಾಸೂ ನೀರು ಕೊಟ್ಟು ತೋರಿಸುವುದು ಉದ್ದೇಶ. ಅನುಷ್ಠಾನ ರಾಜ್ಯ ಸರ್ಕಾರದ ನಗರ ಮೂಲಸೌಕರ್ಯ ನಿಗಮವಾದ ಕೆಯುಐಡಿಎಫ್‌ಸಿಯದು, ಪೈಪ್‌ಜಾಲದ ನಿರ್ವಹಣೆ ಫ್ರಾನ್ಸ್ ಮೂಲದ ವಿಯೋಲಿಯಾ ಸಂಸ್ಥೆಯದು. 2008ರ ಹೊತ್ತಿಗೆ ಅವಳಿ ನಗರದ 67 ವಾರ್ಡ್‌ಗಳ ಪೈಕಿ ಎಂಟರಲ್ಲಿ ನಳದ ನೀರು ನಿಲ್ಲದೆ ಬರತೊಡಗಿತು. ಉಳಿದ ವಾರ್ಡ್‌ಗಳು ಪಾಳಿಯಲ್ಲೇ ಉಳಿದವು. ಒಂದೇ ಊರಿನಲ್ಲಿ ಎರಡು ವ್ಯವಸ್ಥೆ ವರ್ಷಗಟ್ಟಲೆ ಪಕ್ಕಪಕ್ಕದಲ್ಲಿ ನಡೆದಿದ್ದರಿಂದ ಯಾವುದರಿಂದ ಏನಾಗುತ್ತದೆ ಎಂದು ಅಳೆದು ನೋಡುವ ಅಪರೂಪದ ಅವಕಾಶ ಸಿಕ್ಕಿತು. ಈಗ ಇಡೀ ಊರಿಗೆ ಹೊಸ ಜಾಲ ಹಾಕುವ ಕೆಲಸ ನಡೆದಿರುವಾಗ ಆ ಎಂಟು ವಾರ್ಡ್‌ಗಳ ಲೆಕ್ಕವನ್ನು ಓಣಿಯವರು ತಿಳಿದಿರುವುದು ಒಳ್ಳೆಯದು. ಯಾಕೆಂದರೆ ಆ ಯೋಜನೆಯ ಅರ್ಧ ಫಲ ಪೈಪಿನಲ್ಲಿ ನಿರ್ಧಾರವಾದರೆ, ಇನ್ನರ್ಧ ನಮ್ಮ ನಮ್ಮ ಗೇಟಿನ ಒಳಗೆ ನಿರ್ಧಾರವಾಗುತ್ತದೆ.

ಪಾಳಿ ನೀರಿನ ಲೆಕ್ಕ

ಒಂದು ಮನೆಗೆ ದಿನಕ್ಕೆ 500 ಲೀಟರ್ ಬೇಕೆಂದು ಇಟ್ಟುಕೊಳ್ಳಿ. ಐದು ದಿನಕ್ಕೊಮ್ಮೆ ನಾಲ್ಕು ತಾಸು ನೀರು ಬಿಟ್ಟರೆ ಆ ನಾಲ್ಕು ತಾಸಿನಲ್ಲಿ 2,500 ಲೀಟರ್ ತುಂಬಬೇಕು, ಅಂದರೆ ತಾಸಿಗೆ 625 ಲೀಟರ್. ಅದೇ ಮನೆಗೆ ದಿನವಿಡೀ ನೀರಿದ್ದರೆ ಸರಾಸರಿ ತಾಸಿಗೆ 21 ಲೀಟರ್ ಸಾಕು. ಬೆಳಗಿನ ಗಡಿಬಿಡಿಯಲ್ಲಿ ಅದರ ಮೂರು ಪಟ್ಟು ಎಳೆದರೂ 63 ಲೀಟರ್ ಆಗುತ್ತದೆ. ಪಾಳಿಯಲ್ಲಿ ಅದೇ ಪೈಪ್ ಸುಮಾರು ಹತ್ತು ಪಟ್ಟು ನೀರನ್ನು ಒಂದೇ ಸಲಕ್ಕೆ ಸಾಗಿಸಬೇಕು. ಹರಿವು ಹೆಚ್ಚಿದಷ್ಟೂ ಪೈಪಿನೊಳಗಿನ ಘರ್ಷಣೆ ಒತ್ತಡವನ್ನು ತಿಂದುಹಾಕುತ್ತದೆ. ವಾಲ್ವ್ ಪಕ್ಕದ ಮನೆಯವರ ಸಂಪು ಉಕ್ಕುವಾಗ ಓಣಿಯ ಕೊನೆಯ ಮನೆಯಲ್ಲಿ ನಳ ಬರೀ ಗಾಳಿ ಊದುವುದು ಇದೇ ಕಾರಣಕ್ಕೆ. ಅಲ್ಲಿಯವರು ನೇರವಾಗಿ ಲೈನಿಗೇ ಮೋಟಾರ್ ಹಚ್ಚುತ್ತಾರೆ. ಅದನ್ನು ನೋಡಿ ನಡುವಿನವರೂ ಹಚ್ಚುತ್ತಾರೆ.

ಮೋಟಾರ್ ಎಳೆದಾಗ ಪೈಪಿನೊಳಗೆ ಒತ್ತಡ ಸೊನ್ನೆಗಿಂತ ಕೆಳಗೆ ಹೋಗುತ್ತದೆ. ನೀರು ನಿಂತ ಮೇಲೂ ಇಳಿಜಾರಿನ ಪೈಪ್ ಖಾಲಿಯಾಗುತ್ತ ಹೊರಗಿನದನ್ನು ಒಳಗೆ ಹೀರುತ್ತದೆ. ನಮ್ಮ ಓಣಿಗಳಲ್ಲಿ ಮನೆಗೆ ಬರುವ ಅರ್ಧ ಇಂಚಿನ ಜಿಐ (ಸತು ಲೇಪಿಸಿದ ಕಬ್ಬಿಣ) ಪೈಪ್ ಸಾಮಾನ್ಯವಾಗಿ ಗಟಾರವನ್ನು ದಾಟಿಯೇ ಬರುತ್ತದೆ, ಎಷ್ಟೋ ಕಡೆ ಗಟಾರದೊಳಗೇ ಮಲಗಿರುತ್ತದೆ. ಅದರ ತುಕ್ಕು ಹಿಡಿದ ತೂತಿನಿಂದ ನೀರು ಬರುವಾಗ ಹೊರಗೆ ಸೋರುತ್ತದೆ, ನೀರು ನಿಂತಾಗ ಗಟಾರದ ನೀರು ಒಳಗೆ ಸೇರುತ್ತದೆ. ಶುದ್ಧೀಕರಣ ಘಟಕ ಎಷ್ಟೇ ಚೆನ್ನಾಗಿ ಕೆಲಸ ಮಾಡಿದರೂ ಇದನ್ನು ತಡೆಯಲಾಗದು.

ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದ ಸಂಶೋಧಕರು ಈ ಎರಡೂ ಬಗೆಯ ವಾರ್ಡ್‌ಗಳ ನಳದ ನೀರನ್ನು ಪರೀಕ್ಷಿಸಿ 2013ರಲ್ಲಿ ಫಲಿತಾಂಶ ಪ್ರಕಟಿಸಿದರು. ಮಲದ ಕಲುಷಿತತೆಯ ಗುರುತಾದ ಇ-ಕೋಲಿ ಬ್ಯಾಕ್ಟೀರಿಯಾ ಪಾಳಿ ನೀರಿನ ಮಾದರಿಗಳಲ್ಲಿ 31.7%ರಷ್ಟರಲ್ಲಿ ಸಿಕ್ಕರೆ, ನಿರಂತರ ನೀರಿನ ಮಾದರಿಗಳಲ್ಲಿ ಸಿಕ್ಕಿದ್ದು 0.7%ರಲ್ಲಿ. ಪಾಳಿಯಲ್ಲಿ ನೀರು ಬಿಟ್ಟ ಮೊದಲ ಹೊತ್ತಿನಲ್ಲಿ ಮತ್ತು ಒತ್ತಡ ಇಳಿದ ಹೊತ್ತಿನಲ್ಲಿ ಕಲುಷಿತತೆ ಹೆಚ್ಚು ಎಂಬುದೂ ಅವರ ಮುಂದಿನ ಅಧ್ಯಯನದಲ್ಲಿ ಕಂಡಿತು. ಪೈಪಿನಲ್ಲಿ ಸುಮಾರು 12 ಮೀಟರ್ ಎತ್ತರದಷ್ಟು ಒತ್ತಡ ಇದ್ದಾಗ ಪಾಳಿ ನೀರಿನಲ್ಲೂ ಇ-ಕೋಲಿ ಸಿಗುವುದು ಅಪರೂಪವಾಗಿತ್ತು. ಇದರಿಂದ ತಿಳಿಯುವುದು ಇಷ್ಟು: ನೀರಿನ ಪ್ರಮಾಣಕ್ಕಿಂತ ಪೈಪಿನಲ್ಲಿ ಬಿಡದೆ ಇರುವ ಒತ್ತಡವೇ ನೀರನ್ನು ಕಾಯುತ್ತದೆ. "ಅಷ್ಟೊಂದು ನೀರು ಎಲ್ಲಿಂದ ತರ್ತಾರ" ಎಂಬ ಕಟ್ಟೆಯ ಮಾತು ಪೂರ್ತಿ ಸುಳ್ಳಲ್ಲ, ಆದರೆ ಪ್ರಶ್ನೆ ಎತ್ತಿದ ಜಾಗ ತುಸು ಆಚೀಚೆಯಾಗಿದೆ.

ಹಳೆ ಪೈಪಿನಲ್ಲಿ ಯಾಕೆ ಆಗುವುದಿಲ್ಲ

ಇದ್ದ ಪೈಪಿನಲ್ಲೇ ವಾಲ್ವ್ ತೆರೆದಿಟ್ಟರೆ ಮುಗಿಯಿತಲ್ಲ ಎನ್ನುವವರಿಗೆ ಒಂದು ಲೆಕ್ಕ. ಐದು ದಿನಕ್ಕೆ ನಾಲ್ಕು ತಾಸು ಎಂದರೆ ದಿನಕ್ಕೆ ಸರಾಸರಿ 48 ನಿಮಿಷ. ಅದನ್ನು 24 ತಾಸಿಗೆ ಏರಿಸಿದರೆ ಪ್ರತಿಯೊಂದು ತೂತು ಸೋರುವ ಅವಧಿ 30 ಪಟ್ಟಾಗುತ್ತದೆ. ಪಾಳಿ ನೀರಿನ ಊರಿನಲ್ಲಿ ಸೋರಿಕೆ ಕಡಿಮೆ ಎಂದು ಅನಿಸುವುದು ಸೋರಲು ಸಮಯವೇ ಸಿಗದಿರುವುದರಿಂದ. ಆದ್ದರಿಂದ ಎಂಟು ವಾರ್ಡ್‌ಗಳಲ್ಲಿ ಹಳೆ ಜಾಲಕ್ಕೆ ತೇಪೆ ಹಾಕದೆ, ರಸ್ತೆಯ ಪೈಪಿನಿಂದ ಹಿಡಿದು ಮನೆಯ ಸಂಪರ್ಕದವರೆಗೆ ಹೊಸದಾಗಿ ಹಾಕಲಾಯಿತು. ಬೀದಿಗೆ ಬೆಸುಗೆ ಹಾಕಬಲ್ಲ, ಬಾಗುವ ಪ್ಲಾಸ್ಟಿಕ್ಕಿನ ಎಚ್‌ಡಿಪಿಇ ಪೈಪ್, ಪ್ರತಿ ಮನೆಗೂ ಮೀಟರ್, ಪ್ರತಿ ವಲಯದ ಬಾಯಿಗೆ ದೊಡ್ಡ ಮೀಟರ್.

ಹುಬ್ಬಳ್ಳಿಯ ಮಟ್ಟಿಗೆ ಇದಕ್ಕೆ ಇನ್ನೊಂದು ಕಾರಣವೂ ಇದೆ. ಹುಬ್ಬಳ್ಳಿಯ ಬಹುಭಾಗ, ಅದರಲ್ಲೂ ನವಲಗುಂದದ ದಿಕ್ಕು, ಎರೆಭೂಮಿ. ಬೇಸಿಗೆಯಲ್ಲಿ ಬಿರುಕು ಬಿಟ್ಟು ಮಳೆಗಾಲದಲ್ಲಿ ಉಬ್ಬುವ ಈ ಮಣ್ಣಿನಲ್ಲಿ ಗಡಸು ಪೈಪಿನ ಕೀಲುಗಳು ವರ್ಷಕ್ಕೊಮ್ಮೆ ಎಳೆದಾಡಿ ಸಡಿಲವಾಗುತ್ತವೆ. ಬಾಗುವ ಪೈಪ್ ಇಲ್ಲಿ ಹೆಚ್ಚು ತಾಳಿಕೆ. ಆದರೆ ಅದನ್ನೂ ಎರೆಮಣ್ಣಿನ ಮೇಲೆ ನೇರವಾಗಿ ಇಡಬಾರದು: ಕೆಳಗೆ 10ರಿಂದ 15 ಸೆಂ.ಮೀ. ಮರಳು ಅಥವಾ ಜರಡಿ ಹಿಡಿದ ಮೊರಂ, ಪೈಪಿನ ಮೇಲೆ ಸುಮಾರು ಒಂದು ಮೀಟರ್ ಮುಚ್ಚಿಗೆ, ತುಂಬುವಾಗ 20 ಸೆಂ.ಮೀ.ಗೊಂದು ಪದರ ಮಾಡಿ ದಮ್ಮಸು. ಅಗೆದ ಎರೆಮಣ್ಣನ್ನೇ ಒಂದೇ ಸಲಕ್ಕೆ ತಳ್ಳಿ ಮೇಲೆ ಕಾಂಕ್ರೀಟ್ ಬಳಿದರೆ ಮೊದಲ ಮಳೆಗೇ ರಸ್ತೆ ಗಟಾರದಂತೆ ಕುಸಿಯುತ್ತದೆ. ಯೋಜನೆಯ ಮೇಲೆ ಜನರ ಸಿಟ್ಟು ಬಹುಪಾಲು ನೀರಿಗಿಂತ ಈ ಅಗೆತದ ಮೇಲೇ ಇರುವುದು ಆಶ್ಚರ್ಯವೇನಲ್ಲ.

ಧಾರವಾಡದ ಸಮಸ್ಯೆ ಬೇರೆ. ಅದು ದಿಣ್ಣೆಗಳ ಊರು. ಹತ್ತು ಮೀಟರ್ ಎತ್ತರ ವ್ಯತ್ಯಾಸವೆಂದರೆ ಚದರ ಸೆಂ.ಮೀ.ಗೆ ಒಂದು ಕಿಲೊ ಒತ್ತಡದ ವ್ಯತ್ಯಾಸ. ಒಂದೇ ಟ್ಯಾಂಕಿನಿಂದ ಮೇಲಿನ ಓಣಿಗೂ ತಗ್ಗಿನ ಓಣಿಗೂ ಕೊಟ್ಟರೆ ಮೇಲೆ ನೀರು ಏರದು, ಕೆಳಗೆ ನಳ ಸಿಡಿಯುವುದು. ಹಾಗಾಗಿ ಎತ್ತರದ ಪ್ರಕಾರ ವಲಯ ಮಾಡಿ ತಗ್ಗಿನ ವಲಯದ ಬಾಯಲ್ಲಿ ಒತ್ತಡ ಇಳಿಸುವ ವಾಲ್ವ್ ಕೂರಿಸಬೇಕು. ಕೇಂದ್ರ ಸರ್ಕಾರದ 1999ರ ನೀರು ಸರಬರಾಜು ಕೈಪಿಡಿಯ ಪ್ರಕಾರ ಒಂದಂತಸ್ತಿನ ಮನೆಗಳಿಗೆ ಕನಿಷ್ಠ 7 ಮೀಟರ್, ಎರಡಂತಸ್ತಿಗೆ 12, ಮೂರಂತಸ್ತಿಗೆ 17 ಮೀಟರ್ ಒತ್ತಡ ಇರಬೇಕಿತ್ತು.

ವಲಯದ ಮೀಟರಿನ ಉಪಯೋಗ ತಿಳಿಯುವುದು ನಡುರಾತ್ರಿ. ಎರಡರಿಂದ ನಾಲ್ಕು ಗಂಟೆಯ ನಡುವೆ ಊರು ಮಲಗಿರುವಾಗ ವಲಯಕ್ಕೆ ಹೋಗುತ್ತಿರುವ ನೀರಿನಲ್ಲಿ ಹೆಚ್ಚಿನದು ಸೋರಿಕೆಯೇ. ಒಂದೊಂದೇ ಓಣಿಯ ವಾಲ್ವ್ ಮುಚ್ಚುತ್ತ ಹೋದಾಗ ಯಾವುದಕ್ಕೆ ಮೀಟರಿನ ಮುಳ್ಳು ದಿಢೀರ್ ಇಳಿಯುತ್ತದೋ ಅಲ್ಲಿ ತೂತಿದೆ ಎಂದರ್ಥ. ಆಮೇಲೆ ಆ ಓಣಿಯಲ್ಲಿ ಆಲಿಸುವ ಕೋಲು ಹಿಡಿದು ಸಂಪರ್ಕದ ಜಾಗಗಳನ್ನು ಹುಡುಕುವುದು. ಪಾಳಿ ನೀರಿನಲ್ಲಿ ಈ ವಿಧಾನ ಸಾಧ್ಯವೇ ಇಲ್ಲ, ಏಕೆಂದರೆ ನೀರು ಬಂದಾಗ ಎಲ್ಲರ ಸಂಪೂ ಬಾಯ್ತೆರೆದಿರುತ್ತದೆ.

ಗೇಟಿನ ಒಳಗೆ

ಇಲ್ಲಿಯೇ ಪ್ರಕರಣದ ಕಹಿ ಭಾಗ ಇರುವುದು. ಅದೇ ಬರ್ಕ್ಲಿ ತಂಡದವರ ಆರೋಗ್ಯ ಅಧ್ಯಯನ 2015ರಲ್ಲಿ ಬಂತು. ನಿರಂತರ ನೀರಿನ ವಾರ್ಡ್‌ಗಳಲ್ಲಿ ಟೈಫಾಯ್ಡ್ ಕಂಡ ಮನೆಗಳು 42% ಕಡಿಮೆ. ಬಡ ಮನೆಗಳ ಮಕ್ಕಳಲ್ಲಿ ರಕ್ತಭೇದಿ 37% ಕಡಿಮೆ. ಆದರೆ ಒಟ್ಟಾರೆ ಐದು ವರ್ಷದೊಳಗಿನ ಮಕ್ಕಳ ಭೇದಿಯಲ್ಲಾಗಲಿ ಬೆಳವಣಿಗೆಯಲ್ಲಾಗಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಭೇದಿಗೆ ನೀರೊಂದೇ ದಾರಿಯಲ್ಲ, ಕೈ, ನೊಣ, ಬಯಲು ಎಲ್ಲವೂ ಇವೆ. ಜೊತೆಗೆ, ನಳಕ್ಕೆ ಶುದ್ಧವಾಗಿ ಬಂದ ನೀರನ್ನೂ ಜನ ತುಂಬಿಟ್ಟೇ ಕುಡಿದರು. ನೀರು ನಿಲ್ಲುವುದಿಲ್ಲ ಎಂಬ ನಂಬಿಕೆ ಅಷ್ಟು ಬೇಗ ಬರುವುದಿಲ್ಲ, ಮೂರು ತಲೆಮಾರು ಬ್ಯಾರಲ್ ತುಂಬಿದ ಮನೆಗಳಲ್ಲಿ ಅದು ಸಹಜವೂ ಹೌದು.

ಸಂಪಿನ ವಿಷಯ ನೋಡಿ. ದಿನಕ್ಕೆ 500 ಲೀಟರ್ ಬಳಸುವ ಮನೆಯ 5,000 ಲೀಟರ್ ಸಂಪಿನಲ್ಲಿ ನೀರು ಸರಾಸರಿ ಹತ್ತು ದಿನ ಕೂರುತ್ತದೆ. ನಳದಲ್ಲಿದ್ದ ಕ್ಲೋರಿನ್ ಅಷ್ಟರಲ್ಲಿ ಹಾರಿಹೋಗಿರುತ್ತದೆ, ಮುಚ್ಚಳದ ಸಂದಿನಿಂದ ಮಳೆನೀರು, ಜಿರಳೆ, ಧೂಳು ಇಳಿದಿರುತ್ತವೆ. ಗಟಾರಕ್ಕೆ ಅಂಟಿದ ಸಂಪಾದರೆ ಗೋಡೆಯಿಂದಲೇ ಜಿನುಗುತ್ತದೆ. ರಸ್ತೆಯಲ್ಲಿ ಕೋಟಿಗಟ್ಟಲೆ ಸುರಿದು ಉಳಿಸಿದ ಒತ್ತಡವನ್ನು ಸಂಪಿನ ಬಾಯಲ್ಲಿ ಸೊನ್ನೆಗೆ ಇಳಿಸಿ, ಮತ್ತೆ ಕರೆಂಟ್ ಬಿಲ್ ಕಟ್ಟಿ ಮೋಟಾರಿನಿಂದ ಮೇಲೆ ಎತ್ತುತ್ತೇವೆ.

ಪರಿಹಾರ ಒಂದು ಪ್ಲಂಬರ್ ದಿನಗೂಲಿಯಷ್ಟು ಸುಲಭ. ಮೀಟರಿನ ನಂತರ, ಸಂಪಿಗೆ ಹೋಗುವ ಮೊದಲು, ಒಂದು ಟೀ (ಮೂರು ಬಾಯಿಯ ಪೈಪ್ ಜೋಡಣೆ) ಹಾಕಿ 15 ಮಿ.ಮೀ. ಪೈಪನ್ನು ನೇರ ಅಡುಗೆಮನೆಯ ನಳಕ್ಕೆ ಒಯ್ಯಿರಿ. ಟೀ ದಾಟಿದ ಕೂಡಲೇ ಹಿಮ್ಮುಖ ಹರಿವು ತಡೆಯುವ ವಾಲ್ವ್ ಕೂರಿಸಿ. ಈ ಪೈಪಿಗೆ ಓವರ್‌ಹೆಡ್ ಟ್ಯಾಂಕಿನ ಲೈನನ್ನಾಗಲಿ ಬೋರ್‌ವೆಲ್ ಲೈನನ್ನಾಗಲಿ ಎಲ್ಲಿಯೂ ಜೋಡಿಸಕೂಡದು, ನಡುವೆ ವಾಲ್ವ್ ಇದ್ದರೂ ಕೂಡದು. ವಾಲ್ವ್ ಮುಚ್ಚುವುದನ್ನು ಮರೆಯುವ ದಿನ ಬಂದೇ ಬರುತ್ತದೆ. 7 ಮೀಟರ್ ಒತ್ತಡವಿದ್ದರೆ ನೆಲಮಹಡಿಯ ಅಡುಗೆಮನೆಗೆ ಧಾರಾಳ, 12 ಇದ್ದರೆ ಮೊದಲ ಮಹಡಿಗೂ ಏರುತ್ತದೆ. ಸಂಪನ್ನು ಬಿಟ್ಟೇಬಿಡಬೇಕೆಂದಿಲ್ಲ. ಸವದತ್ತಿಯ ಕಡೆ ಕರೆಂಟ್ ಹೋದ ದಿನ, ಮುಖ್ಯ ಪೈಪ್ ಒಡೆದ ದಿನ ಬೇಕಾಗುತ್ತದೆ. ಫ್ಲೋಟ್ ವಾಲ್ವನ್ನು ತಗ್ಗಿಸಿ ಎರಡು ದಿನಕ್ಕಾಗುವಷ್ಟೇ, ಸುಮಾರು 1,000 ಲೀಟರ್ ನಿಲ್ಲುವಂತೆ ಮಾಡಿ, ಸ್ನಾನ-ಬಟ್ಟೆಗೆ ಅದನ್ನು ಬಳಸುತ್ತಿದ್ದರೆ ನೀರು ತಾಜಾ ಇರುತ್ತದೆ.

ಸಂಪು ತೊಳೆಯುವ ಲೆಕ್ಕ: ಉಜ್ಜಿ ತೊಳೆದ ಮೇಲೆ ಲೀಟರಿಗೆ 50 ಮಿ.ಗ್ರಾಂ ಕ್ಲೋರಿನ್ ಆಗುವಂತೆ ಹಾಕಿ ಕನಿಷ್ಠ ನಾಲ್ಕು ತಾಸು, ಸಾಧ್ಯವಾದರೆ ಇಡೀ ರಾತ್ರಿ ಬಿಡಬೇಕು. 5,000 ಲೀಟರ್ ಸಂಪಿಗೆ ಇದು 250 ಗ್ರಾಂ ಕ್ಲೋರಿನ್, ಅಂದರೆ 25% ಸತ್ವದ ಬ್ಲೀಚಿಂಗ್ ಪೌಡರ್ ಒಂದು ಕಿಲೊ. ಪುಡಿಯನ್ನು ಬಕೆಟ್ಟಿನಲ್ಲಿ ಕಲಸಿ, ಸುಣ್ಣ ತಳ ಸೇರಿದ ಮೇಲೆ ತಿಳಿನೀರನ್ನಷ್ಟೇ ಸುರಿಯಿರಿ. ಬಾಯಿ ತೆರೆದಿಟ್ಟ ಹಳೆ ಪೊಟ್ಟಣದ ಪುಡಿ ಸತ್ವ ಕಳೆದುಕೊಂಡಿರುತ್ತದೆ. ಆ ನೀರನ್ನು ಪೂರ್ತಿ ಖಾಲಿ ಮಾಡಿಯೇ ಹೊಸ ನೀರು ಬಿಡಬೇಕು, ಗಿಡಗಳಿಗೆ ಹಾಕಬಾರದು. ಸಂಪಿನೊಳಗೆ ಇಳಿಯುವ ಮೊದಲು ಮುಚ್ಚಳ ತೆಗೆದು ಗಾಳಿಯಾಡಲು ಬಿಡಿ. ಮೇಲೆ ಒಬ್ಬರು ನಿಂತಿಲ್ಲದೆ ಯಾರನ್ನೂ ಇಳಿಸಬೇಡಿ.

ಹೊಸ ಸಂಪರ್ಕ ಬರುವ ದಿನ

ಗುತ್ತಿಗೆದಾರರ ಕೆಲಸಗಾರರು ಒಂದು ಮನೆಗೆ ಕೊಡುವ ಸಮಯ ಕಡಿಮೆ. ಆ ಹೊತ್ತಿನಲ್ಲಿ ಮನೆಯವರು ಎದುರಿಗಿದ್ದು ನೋಡಬೇಕಾದ್ದು ಇವು. ಸಂಪರ್ಕದ ಪೈಪ್ ಗಟಾರದ ಮೇಲಿನಿಂದ ಅಥವಾ ಕೆಳಗಿನಿಂದ ಹೊರಕವಚದೊಳಗೆ ದಾಟಬೇಕು, ಗಟಾರದ ನೀರಿನಲ್ಲಿ ಮುಳುಗಿರಬಾರದು, ಕವಚದೊಳಗೆ ಜೋಡಣೆ ಇರಬಾರದು. ಮೀಟರ್ ಅಡ್ಡಲಾಗಿ ಸಮತಟ್ಟಾಗಿ ಕೂರಬೇಕು, ಬಾಣದ ಗುರುತು ಮನೆಯ ಕಡೆ ಇರಬೇಕು. ಓರೆಯಾಗಿ ನಿಲ್ಲಿಸಿದ ಮೀಟರ್ ಸಣ್ಣ ಹರಿವನ್ನು ಸರಿಯಾಗಿ ಓದುವುದಿಲ್ಲ. ಮೀಟರಿನ ಸಂಖ್ಯೆ ಮತ್ತು ಮೊದಲ ದಿನದ ಓದನ್ನು ಫೋಟೊ ತೆಗೆದಿಟ್ಟುಕೊಳ್ಳಿ.

ಎಲ್ಲಕ್ಕಿಂತ ಮುಖ್ಯವಾದದ್ದು ಹಳೆ ಸಂಪರ್ಕ. ಎಷ್ಟೋ ಮನೆಗಳಲ್ಲಿ "ಇರಲಿ ಬಿಡ್ರಿ, ಎರಡೂ ಇರಲಿ" ಎಂದು ಹಳೆಯದನ್ನೂ ಮನೆಯ ಪ್ಲಂಬಿಂಗಿಗೆ ಜೋಡಿಸಿಯೇ ಇಡುತ್ತಾರೆ. ಹಳೆ ಜಾಲದಲ್ಲಿ ಪಾಳಿಯ ನೀರು, ಖಾಲಿ ಹೊತ್ತಿನ ಕೊಳೆ. ಹೊಸ ಜಾಲದ ಒತ್ತಡ ರಿಪೇರಿಗೆಂದು ಇಳಿದ ದಿನ ಆ ಕೊಳೆ ಮನೆಯ ಪೈಪಿನ ಮೂಲಕ ಹೊಸ ಜಾಲಕ್ಕೆ ನುಗ್ಗುತ್ತದೆ, ಕೆಡುವುದು ಇಡೀ ಓಣಿಯ ನೀರು. ಹಳೆ ಸಂಪರ್ಕವನ್ನು ಮನೆಯ ಬಳಿ ಬಿರಡೆ ಹಾಕಿ ಮುಚ್ಚಿದರೆ ಸಾಲದು, ರಸ್ತೆಯ ಪೈಪಿನ ಬುಡದಲ್ಲೇ ಕತ್ತರಿಸಿ ಮುಚ್ಚಬೇಕು. ಇಲ್ಲವಾದರೆ ಗಟಾರದಲ್ಲಿ ಮಲಗಿದ ಆ ತುಂಡು ಸೋರುತ್ತಲೇ ಇರುತ್ತದೆ.

ಬಿಲ್ಲು ಮತ್ತು ಬಾಡಿಗೆದಾರರು

ಪಾಳಿ ನೀರಿಗೆ ತಿಂಗಳಿಗೆ ಇಷ್ಟೆಂದು ಒಂದೇ ದರ. ನಿರಂತರ ನೀರಿಗೆ ಮೀಟರ್ ಓದಿನ ಮೇಲೆ ಹಂತಹಂತವಾಗಿ ಏರುವ ದರ. ಹಂತದ ದರ ಬಡವರ ಪರ ಎಂದು ಹೇಳುವುದುಂಟು, ಒಂದು ಮನೆಗೆ ಒಂದು ಮೀಟರ್ ಇದ್ದಾಗ ಅದು ನಿಜ. ವಠಾರದಲ್ಲಿ ಲೆಕ್ಕ ತಿರುಗುಮುರುಗಾಗುತ್ತದೆ. ಐದು ಜನರ ಕುಟುಂಬ ತಲೆಗೆ 135 ಲೀಟರಿನಂತೆ ಬಳಸಿದರೆ ತಿಂಗಳಿಗೆ 20,250 ಲೀಟರ್. ಅಂಥ ನಾಲ್ಕು ಬಾಡಿಗೆ ಮನೆಗಳು ಒಂದೇ ಮೀಟರಿನಲ್ಲಿದ್ದರೆ 81,000 ಲೀಟರ್, ಯಾರೂ ಪೋಲು ಮಾಡದಿದ್ದರೂ ದರದ ಮೇಲಿನ ಹಂತ. ಪ್ರತಿ ಅಡುಗೆಮನೆಗೆ ಬೇರೆ ಮೀಟರ್ ಕೇಳಿ ಅರ್ಜಿ ಕೊಡುವುದೇ ದಾರಿ. ಅದಾಗುವವರೆಗೆ ಒಳಗೆ ಖಾಸಗಿ ಸಬ್‌ಮೀಟರ್ ಹಾಕಿ ಹಂಚಿಕೊಳ್ಳಬಹುದು, ಆದರೆ ಅದು ಜಗಳ ತಪ್ಪಿಸುತ್ತದೆಯೇ ಹೊರತು ಹಂತವನ್ನು ಇಳಿಸದು.

ಮೊದಲ ಬಿಲ್ಲು ನೋಡಿ ಗಾಬರಿಯಾದವರು ಮೀಟರನ್ನು ದೂರುವ ಮೊದಲು ರಾತ್ರಿ ಎಲ್ಲ ನಳ, ಸಂಪಿನ ವಾಲ್ವ್ ಮುಚ್ಚಿ ಮೀಟರಿನ ಪುಟ್ಟ ಚಕ್ರ ನೋಡಿ. ತಿರುಗುತ್ತಿದ್ದರೆ ಮೀಟರಿಗೂ ನಳಗಳಿಗೂ ನಡುವೆ ಪೈಪ್ ಸೋರುತ್ತಿದೆ. ಸಂಪಿನ ವಾಲ್ವ್ ತೆರೆದಾಗ ಮಾತ್ರ ತಿರುಗುತ್ತಿದ್ದರೆ, ಸಂಪು ತುಂಬಿದ ಮೇಲೂ ನಿಲ್ಲದಿದ್ದರೆ ಫ್ಲೋಟ್ ಕೆಟ್ಟಿದೆ. ನೀರು ಓವರ್‌ಫ್ಲೋ ಪೈಪಿನಿಂದ ಕಣ್ಣಿಗೆ ಬೀಳದೆ ಗಟಾರಕ್ಕೆ ಹೋಗುತ್ತಿರುತ್ತದೆ. ಶೌಚಾಲಯದ ಫ್ಲಶ್ ಟ್ಯಾಂಕ್ ಐದು ನಿಮಿಷಕ್ಕೆ ಒಂದು ಲೀಟರ್ ಸೋರಿದರೂ ತಿಂಗಳಿಗೆ 8,640 ಲೀಟರ್. ಇವೆಲ್ಲ ಸರಿಯಿದ್ದರೆ ಮಾತ್ರ ಮೀಟರ್ ಪರೀಕ್ಷೆಗೆ ಅರ್ಜಿ.

ನೀರು ಕೆಟ್ಟಿದೆ ಎನಿಸಿದಾಗ

ಅಂಗಡಿಯಲ್ಲಿ ಸಿಗುವ ಕ್ಲೋರಿನ್ ಪರೀಕ್ಷೆಯ ಕಿಟ್‌ನಿಂದ ಮೀಟರ್ ಹತ್ತಿರದ ನಳದ ನೀರನ್ನು ನೋಡಿ. ಹಳದಿ ಬಣ್ಣ ಲೀಟರಿಗೆ 0.2 ಮಿ.ಗ್ರಾಂ ಗುರುತಿಗೆ ಬಂದರೆ ಕುಡಿಯುವ ನೀರಿನ ಭಾರತೀಯ ಮಾನದಂಡ ಐಎಸ್ 10500ರ ಕನಿಷ್ಠ ಮಟ್ಟ ಇದೆ. ಅಲ್ಲಿ ಇದ್ದು ಟ್ಯಾಂಕಿನ ನಳದಲ್ಲಿ ಇಲ್ಲದಿದ್ದರೆ ದೋಷ ಮನೆಯೊಳಗೆ. ಮೀಟರಿನಲ್ಲೇ ಇಲ್ಲದಿದ್ದರೆ ಎಡಬಲದ ಮನೆಗಳಲ್ಲೂ ಪರೀಕ್ಷಿಸಿ: ಒಂದೇ ಮನೆಯಲ್ಲಿ ಇಲ್ಲವೆಂದರೆ ಆ ಮನೆಯ ಸಂಪರ್ಕದ ಪೈಪ್, ಒಂದು ಜಾಗದಿಂದ ಮುಂದಿನ ಎಲ್ಲ ಮನೆಗಳಲ್ಲಿ ಇಲ್ಲವೆಂದರೆ ಆ ಜಾಗದ ರಸ್ತೆ ಪೈಪ್, ಇಡೀ ಬಡಾವಣೆಯಲ್ಲಿ ಇಲ್ಲವೆಂದರೆ ಟ್ಯಾಂಕ್ ಅಥವಾ ಅದಕ್ಕಿಂತ ಮೇಲೆ. ಎಚ್2ಎಸ್ ಬಾಟಲಿಯಲ್ಲಿ (ಮಲದ ಬ್ಯಾಕ್ಟೀರಿಯಾ ಪರೀಕ್ಷೆಯ ಪುಟ್ಟ ಬಾಟಲಿ) ಗುರುತಿನವರೆಗೆ ನೀರು ತುಂಬಿ ಬೆಚ್ಚಗಿಟ್ಟು 24ರಿಂದ 48 ತಾಸಿನಲ್ಲಿ ಕಪ್ಪಾದರೆ ಮಲದ ಕಲುಷಿತತೆಯ ಶಂಕೆ ಬಲವಾಯಿತು. ದೋಷ ಸರಿಯಾಗುವವರೆಗೆ ಕುದಿಸಿಯೇ ಕುಡಿಯಬೇಕು. ದೂರಿನಲ್ಲಿ "ನೀರು ಹೊಲಸು ಬರ್ತದ" ಎಂದಷ್ಟೇ ಬರೆದರೆ ವಾರ ಕಳೆಯುತ್ತದೆ. ಸಂಪರ್ಕ ಸಂಖ್ಯೆ, ತಾರೀಖು, ಗಂಟೆ, ಕ್ಲೋರಿನ್ ಓದು, ಯಾವ ಮನೆಯಿಂದ ಯಾವ ಮನೆಯವರೆಗೆ ಕೆಟ್ಟಿದೆ ಎಂಬುದನ್ನು ಬರೆದರೆ ಅಗೆಯುವವರಿಗೆ ಜಾಗ ಗೊತ್ತಾಗುತ್ತದೆ.

ಇಡೀ ಊರಿಗೆ ವಿಸ್ತರಣೆ ನಡೆದಿರುವ ಈ ನಡುಗಾಲದಲ್ಲಿ ಇನ್ನೊಂದು ಸ್ಥಿತಿ ಉಂಟಾಗುತ್ತದೆ: ಪೈಪ್ ಹೊಸದು, ಪಾಳಿ ಹಳೆಯದು. ಹೊಸ ಎಚ್‌ಡಿಪಿಇ ಪೈಪಿನಲ್ಲೂ ವಾರಕ್ಕೊಮ್ಮೆ ನೀರು ಬಿಟ್ಟರೆ ಅದೂ ಖಾಲಿಯಾಗುತ್ತದೆ. ಜೋಡಣೆ ಬಿಗಿಯಾಗಿರುವವರೆಗೆ ಕೊಳೆ ಕಡಿಮೆ, ಅಷ್ಟೆ. ಮೇಲಾಗಿ ನೀರು ಮರಳುವಾಗ ಪೈಪಿನ ಗಾಳಿ ಮೀಟರನ್ನು ಗಿರ್ರನೆ ತಿರುಗಿಸಿ ಓದು ಏರಿಸುತ್ತದೆ. ಇಂಥ ಓಣಿಯವರು ನೀರು ಬಂದ ಮೊದಲ ಹತ್ತು ನಿಮಿಷದ ನೀರನ್ನು ಕುಡಿಯಲು ಹಿಡಿಯದೆ ಬಳಕೆಗೆ ಬಿಡಬೇಕು. ಲೈನಿಗೆ ಮೋಟಾರ್ ಹಚ್ಚಬಾರದು. ಮತ್ತು ವಾರ್ಡ್ ಸಭೆಯಲ್ಲಿ ಕೇಳುವಾಗ "24×7 ಯಾವಾಗ" ಎಂಬುದರ ಜೊತೆಗೆ ಮೂರು ವಿಷಯ ಕೇಳಬೇಕು: ನಮ್ಮ ವಲಯದ ಬಾಯಿಯ ಮೀಟರ್ ಕೂತಿದೆಯೇ, ಓಣಿಯ ಕೊನೆಯ ಮನೆಯಲ್ಲಿ ಅಳೆದ ಒತ್ತಡ ಎಷ್ಟು, ಹಳೆ ಪೈಪ್ ಬಂದ್ ಮಾಡುವ ತಾರೀಖು ಯಾವುದು. ಮೂರನೆಯದಕ್ಕೆ ಉತ್ತರ ಸಿಗುವವರೆಗೆ ಅಡುಗೆಮನೆಯ ನೇರ ಲೈನನ್ನು ಹಾಕಿಸಿದ್ದರೂ ಕುದಿಸುವುದನ್ನು ಬಿಡಬೇಡಿ.